ಪರಿಸರ ಹಾಗೂ ವಿದ್ಯುತ್ ಸಂಬಂಧಿತ ದೂರುಗಳು: ನಾಗರಿಕರಿಗೆ ಲಭ್ಯವಿರುವ ಉಚಿತ ತಾಂತ್ರಿಕ ಮತ್ತು ಕಾನೂನು ನೆರವು

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳಲ್ಲಿ ಕೈಗಾರಿಕೆಗಳೂ ವಸತಿ ಬಡಾವಣೆಗಳೂ ಅಕ್ಕಪಕ್ಕದಲ್ಲಿಯೇ ಇವೆ. ಕೊಳವೆ ಬಾವಿಯ ನೀರಿನ ಬಣ್ಣ ಬದಲಾದಾಗ ಅಥವಾ ರಾಜಕಾಲುವೆಯಲ್ಲಿ ತ್ಯಾಜ್ಯ ಹರಿದಾಗ ದೂರು ನೀಡಬೇಕೆಂಬುದು ನಿವಾಸಿಗಳಿಗೆ ತಿಳಿದಿರುತ್ತದೆ. ಆದರೆ ದೂರನ್ನು ಸಮರ್ಥಿಸುವ ಪರೀಕ್ಷಾ ವರದಿ ಮತ್ತು ದಾಖಲೆಗಳನ್ನು ಸ್ವಂತ ಖರ್ಚಿನಲ್ಲಿ ಒದಗಿಸಲಾಗದೆ ಅನೇಕರು ಹಿಂಜರಿಯುತ್ತಾರೆ. ಈ ನೆರವನ್ನು ಉಚಿತವಾಗಿ ಅಥವಾ ಅಲ್ಪ ಶುಲ್ಕದಲ್ಲಿ ಪಡೆಯಲು ಕಾನೂನಿನಲ್ಲಿಯೇ ಅವಕಾಶವಿದ್ದು, ಅದರ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳ ಮಾಲಿನ್ಯ ಸೂಚ್ಯಂಕವನ್ನು ಪ್ರಕಟಿಸಿದಾಗ, ಪೀಣ್ಯವು 60ರಿಂದ 70 ಅಂಕಗಳ ನಡುವಿನ ತೀವ್ರ ಮಾಲಿನ್ಯದ ವರ್ಗದಲ್ಲಿತ್ತು. ಲೋಹಲೇಪನ ಘಟಕಗಳಲ್ಲಿ ಬಳಕೆಯಾಗುವ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ಅಂಶವು ಇಲ್ಲಿನ ಅಂತರ್ಜಲದಲ್ಲಿ ಕಂಡುಬಂದಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ಅಧ್ಯಯನಗಳು ದಾಖಲಿಸಿವೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಪ್ರಮಾಣವು ಲೀಟರಿಗೆ 0.05 ಮಿಲಿಗ್ರಾಂ ಮೀರತಕ್ಕದ್ದಲ್ಲ. ನೀರನ್ನು ಕುದಿಸುವುದರಿಂದ ಈ ಲೋಹವು ನಿವಾರಣೆಯಾಗುವುದಿಲ್ಲ.

ಮಾಲಿನ್ಯರಹಿತ ನೀರು ಮತ್ತು ಗಾಳಿಯನ್ನು ಪಡೆಯುವುದು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ತಿಳಿಸಿದೆ. ಮಾಲಿನ್ಯ ಮಾಡಿದವರೇ ಅದರ ವೆಚ್ಚವನ್ನು ಭರಿಸತಕ್ಕದ್ದೆಂಬ ತತ್ವವನ್ನು 1996ರಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಎತ್ತಿಹಿಡಿದಿದೆ.

1. ನೀರಿನ ಮಾದರಿ

ನಾಗರಿಕರು ಸ್ವತಃ ಸಂಗ್ರಹಿಸಿದ ಮಾದರಿಯ ವರದಿಯು ದೂರಿಗೆ ಆಧಾರವಾಗಬಲ್ಲದು. ಆದರೆ ಕಾರ್ಖಾನೆಯ ತ್ಯಾಜ್ಯದ ವಿಷಯದಲ್ಲಿ ಕಾನೂನುಬದ್ಧ ಸಾಕ್ಷ್ಯವಾಗಬೇಕಾದರೆ ಜಲ ಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣ ಅಧಿನಿಯಮ, 1974ರ 21ನೇ ಪ್ರಕರಣದಂತೆ ಮಂಡಳಿಯ ಅಧಿಕಾರಿಯೇ ಮಾದರಿಯನ್ನು ಪಡೆಯಬೇಕು. ಅಧಿಭೋಗದಾರರಿಗೆ ನೋಟೀಸು ನೀಡಿ, ಅವರ ಸಮ್ಮುಖದಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ ಸಹಿ ಪಡೆಯುವುದು ನಿಯಮ. ಆದ್ದರಿಂದ ದೂರಿನಲ್ಲಿ “ಕ್ರಮ ಕೈಗೊಳ್ಳಿ” ಎಂದಷ್ಟೇ ಬರೆಯದೆ, “21ನೇ ಪ್ರಕರಣದಂತೆ ಮಾದರಿ ಸಂಗ್ರಹಿಸಿ ವರದಿಯ ಪ್ರತಿ ಒದಗಿಸಿ” ಎಂದು ಸ್ಪಷ್ಟವಾಗಿ ಕೋರುವುದು ಸೂಕ್ತ. ದೂರನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಂಬಂಧಪಟ್ಟ ಪ್ರಾದೇಶಿಕ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಮಂಡಳಿಯ ಕೇಂದ್ರ ಕಚೇರಿಯು ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪರಿಸರ ಭವನದಲ್ಲಿದೆ.

ಸ್ವತಃ ಮಾದರಿ ತೆಗೆಯುವವರು ಪಂಪನ್ನು ಕೆಲವು ನಿಮಿಷ ಚಾಲನೆಯಲ್ಲಿಟ್ಟ ನಂತರ ಸ್ವಚ್ಛ ಬಾಟಲಿಯಲ್ಲಿ ನೀರು ತುಂಬಿ, ತಂಪಾದ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸುವುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಜಲ ಜೀವನ್ ಮಿಷನ್ ಅಡಿ ಒದಗಿಸಲಾಗುವ ಕ್ಷೇತ್ರ ಪರೀಕ್ಷಾ ಕಿಟ್‌ಗಳು ಸಾಮಾನ್ಯವಾಗಿ ಫ್ಲೋರೈಡ್, ನೈಟ್ರೇಟ್ ಮೊದಲಾದವುಗಳನ್ನು ಮಾತ್ರ ತೋರಿಸುತ್ತವೆ. ಕ್ರೋಮಿಯಂ ಪರೀಕ್ಷೆ ಬೇಕೆಂದು ಪ್ರಯೋಗಾಲಯಕ್ಕೆ ಪ್ರತ್ಯೇಕವಾಗಿ ತಿಳಿಸಬೇಕು.

2. ದಾಖಲೆಗಳ ಪರಿಶೀಲನೆ

ಪ್ರತಿ ಕಾರ್ಖಾನೆಗೆ ನೀಡಿದ ಸಮ್ಮತಿಯ ಷರತ್ತುಗಳ ವಹಿಯನ್ನು ಮಂಡಳಿಯು ನಿರ್ವಹಿಸತಕ್ಕದ್ದು. ಬಾಧಿತರಾದ ಯಾವುದೇ ವ್ಯಕ್ತಿ ಅಥವಾ ಅವರಿಂದ ಅಧಿಕಾರ ಪಡೆದವರು ಅದನ್ನು ಪರಿಶೀಲಿಸಬಹುದೆಂದು ಮೇಲ್ಕಂಡ ಅಧಿನಿಯಮದ 25(6)ನೇ ಪ್ರಕರಣವು ಹೇಳುತ್ತದೆ. ಘಟಕವು ಎಷ್ಟು ತ್ಯಾಜ್ಯವನ್ನು, ಯಾವ ಮಿತಿಯೊಳಗೆ, ಎಲ್ಲಿಗೆ ಬಿಡಬಹುದೆಂಬುದು ಇದರಿಂದ ತಿಳಿಯುತ್ತದೆ. ಪ್ರತಿಗಳು ಬೇಕಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಮಾಹಿತಿಯನ್ನು 30 ದಿನಗಳೊಳಗೆ ನೀಡಬೇಕು.

3. ಉಚಿತ ಕಾನೂನು ನೆರವಿಗೆ ಅರ್ಹರು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದಂತೆ ಈ ಕೆಳಕಂಡವರು ಆದಾಯ ಮಿತಿಯಿಲ್ಲದೆ ಅರ್ಹರು:

• ಮಹಿಳೆಯರು ಮತ್ತು ಮಕ್ಕಳು
• ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು
• ಕೈಗಾರಿಕಾ ಕಾರ್ಮಿಕರು
• ಅಂಗವಿಕಲರು
• ಕೈಗಾರಿಕಾ ದುರಂತ, ಪ್ರವಾಹ ಮುಂತಾದ ವಿಪತ್ತಿಗೆ ಒಳಗಾದವರು

ಇತರರಿಗೆ ನಿಗದಿತ ಆದಾಯ ಮಿತಿ ಅನ್ವಯಿಸುತ್ತದೆ. ಬಡಾವಣೆಯ ಸಂಘದ ಹೆಸರಿನಲ್ಲಿ ಅರ್ಜಿ ಸಲ್ಲಿಸುವುದಕ್ಕಿಂತ, ಬಾಧಿತಳಾದ ಮಹಿಳೆ ಅಥವಾ ಕಾರ್ಮಿಕರೊಬ್ಬರ ಹೆಸರಿನಲ್ಲಿ ಸಲ್ಲಿಸಿದರೆ ಅರ್ಹತೆಯ ಪ್ರಶ್ನೆ ಉದ್ಭವಿಸುವುದಿಲ್ಲ. ವಕೀಲರ ಸೇವೆ ಹಾಗೂ ನ್ಯಾಯಾಲಯ ಶುಲ್ಕವು ನೆರವಿನಲ್ಲಿ ಸೇರಿವೆ. ತಾಲ್ಲೂಕು ಸಮಿತಿ ಅಥವಾ ಜಿಲ್ಲಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಸಹಾಯವಾಣಿ ಸಂಖ್ಯೆ 15100.

4. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ

2010ರ ಅಧಿನಿಯಮದಡಿ ಸ್ಥಾಪಿತವಾದ ಈ ನ್ಯಾಯಮಂಡಳಿಯಲ್ಲಿ ನ್ಯಾಯಾಂಗ ಸದಸ್ಯರೊಂದಿಗೆ ತಜ್ಞ ಸದಸ್ಯರೂ ಇರುತ್ತಾರೆ. ಕರ್ನಾಟಕವು ಚೆನ್ನೈನ ದಕ್ಷಿಣ ವಲಯ ಪೀಠದ ವ್ಯಾಪ್ತಿಯಲ್ಲಿದೆ. ನ್ಯಾಯಮಂಡಳಿಯು ಮಾಲಿನ್ಯ ನಿಯಂತ್ರಣ ಮಂಡಳಿಗಳ ಅಧಿಕಾರಿಗಳನ್ನೊಳಗೊಂಡ ಜಂಟಿ ಸಮಿತಿಯನ್ನು ನೇಮಿಸಿ ಸ್ಥಳ ಪರಿಶೀಲನೆಗೆ ಆದೇಶಿಸಬಲ್ಲದು. ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರುವರಿಯಲ್ಲಿ ಬೆಂಕಿ ಕಾಣಿಸಿಕೊಂಡಾಗ ಇದು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೊಂಡು, 2018ರ ಡಿಸೆಂಬರ್‌ನಲ್ಲಿ ಕೆರೆಗಳ ಪುನರುಜ್ಜೀವನಕ್ಕಾಗಿ 500 ಕೋಟಿ ರೂಪಾಯಿ ಮೀಸಲಿಡಲು ರಾಜ್ಯಕ್ಕೆ ಆದೇಶಿಸಿ, ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಅಧ್ಯಕ್ಷತೆಯಲ್ಲಿ ಮೇಲ್ವಿಚಾರಣಾ ಸಮಿತಿ ರಚಿಸಿತು.

ಸಾಮಾನ್ಯ ಅರ್ಜಿಗಳನ್ನು ವ್ಯಾಜ್ಯಕಾರಣ ಮೊದಲು ಉದ್ಭವಿಸಿದ ದಿನದಿಂದ 6 ತಿಂಗಳೊಳಗೆ, ಪರಿಹಾರ ಕೋರುವ ಅರ್ಜಿಗಳನ್ನು 5 ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಸಕಾರಣವಿದ್ದಲ್ಲಿ 60 ದಿನಗಳವರೆಗೆ ಮಾತ್ರ ವಿನಾಯಿತಿ ದೊರೆಯಬಹುದು. ಕಚೇರಿಯ ಉತ್ತರಕ್ಕಾಗಿ ಕಾಯುತ್ತ ಈ ಅವಧಿಯನ್ನು ಕಳೆದುಕೊಳ್ಳಬಾರದು.

5. ವಿದ್ಯುತ್ ಸಂಬಂಧಿತ ವಿಷಯಗಳು

ಸಂಪರ್ಕ, ಬಿಲ್ ಮತ್ತು ಪೂರೈಕೆಯ ದೂರುಗಳಿಗೆ ಮೊದಲು ಬೆಸ್ಕಾಂ ಸಹಾಯವಾಣಿ 1912ನ್ನು ಸಂಪರ್ಕಿಸುವುದು. ಪರಿಹಾರ ದೊರೆಯದಿದ್ದಲ್ಲಿ ವಿದ್ಯುಚ್ಛಕ್ತಿ ಅಧಿನಿಯಮ, 2003ರ 42ನೇ ಪ್ರಕರಣದಡಿ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೂ, ನಂತರ ಓಂಬುಡ್ಸ್‌ಮನ್‌ಗೂ ಮನವಿ ಸಲ್ಲಿಸಬಹುದು. ದರ ನಿಗದಿಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಬೇಕು.

ದೂರಿನಲ್ಲಿ ಇರಬೇಕಾದ ವಿವರಗಳು

• ಸ್ಥಳದ ವಿಳಾಸ ಮತ್ತು ಗುರುತು
• ದಿನಾಂಕ, ವೇಳೆ; ನೀರಿನ ಬಣ್ಣ ಹಾಗೂ ವಾಸನೆ
• ದಿನಾಂಕ ಸಹಿತ ಛಾಯಾಚಿತ್ರಗಳು
• ಪರೀಕ್ಷಾ ವರದಿ ಹಾಗೂ ಹಿಂದಿನ ದೂರುಗಳ ಸ್ವೀಕೃತಿ ಪ್ರತಿಗಳು
• ಬಾಧಿತ ಮನೆಗಳ ಸಂಖ್ಯೆ

ಸೂಚನೆ: ಮೊದಲ ಬಾರಿಗೆ ತೊಂದರೆ ಕಂಡ ದಿನಾಂಕವನ್ನು ಅಂದೇ ಬರೆದಿಟ್ಟುಕೊಳ್ಳುವುದು. ಮುಂದಿನ ಕಾಲಮಿತಿಯ ಲೆಕ್ಕ ಅಲ್ಲಿಂದಲೇ ಆರಂಭವಾಗುತ್ತದೆ.