ಜನಪ್ರಿಯತೆಯೂ ಜನದ್ವೇಷವೂ

ಹಾಡುಗಾರನು ಜನರ ಅನುರಾಗಕ್ಕೆ ಪಾತ್ರನಾಗುವುದು ಸಹಜವಾದ ಸಂಗತಿ. ಅವನ ಹಾಡು ಹಿಡಿಸದಿದ್ದರೆ ಕೇಳುವವರು ಎದ್ದುಹೋಗುವುದೂ ಅಷ್ಟೇ ಸಹಜ. ಆದರೆ ಒಬ್ಬನ ಹಾಡನ್ನು ಲಕ್ಷಾಂತರ ಜನರು ಹಣಕೊಟ್ಟು ಕೇಳುತ್ತಿರುವಾಗಲೇ, ಇನ್ನು ಲಕ್ಷಾಂತರ ಜನರು ಅವನ ಹೆಸರು ಕಿವಿಗೆ ಬಿದ್ದೊಡನೆ ಮುಖ ಸಿಂಡರಿಸುವುದು, ಅವನನ್ನು ಹಳಿಯುವುದನ್ನೇ ಒಂದು ವಿನೋದವನ್ನಾಗಿ ಮಾಡಿಕೊಳ್ಳುವುದು ವಿಚಾರ ಮಾಡತಕ್ಕ ವಿಷಯವಾಗಿದೆ. ಹಾಗಲಕಾಯಿ ಒಲ್ಲದವನು ಅದನ್ನು ಎಲೆಯ ಅಂಚಿಗೆ ಸರಿಸಿ ಸುಮ್ಮನಾಗುತ್ತಾನೆ; ಅದನ್ನು ಬೆಳೆದವನ ಮನೆಯ ಮುಂದೆ ನಿಂತು ಬೈಯುವುದಿಲ್ಲ. ಸಂಗೀತದ ವಿಷಯದಲ್ಲಿ ಮಾತ್ರ ಹೀಗೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಮಗೆ ಸಮೀಪ ಕಾಲದ ಕೆಲವು ಉದಾಹರಣೆಗಳು ಚೆನ್ನಾಗಿ ಒದಗುತ್ತವೆ.

ಒಂದು ವಾದ್ಯತಂಡದ ಕಥೆ

ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಹ್ಯಾನಾ ಎಂಬ ಚಿಕ್ಕ ಊರಿದೆ. 1995ರಲ್ಲಿ ಆ ಊರಿನ ತರುಣರಾದ ಚಾಡ್ ಕ್ರೋಗರ್, ಅವರ ಸೋದರ ಮೈಕ್ ಕ್ರೋಗರ್, ಗೆಳೆಯ ರಯಾನ್ ಪೀಕ್ ಮೊದಲಾದವರು ಸೇರಿ ‘ನಿಕಲ್‌ಬ್ಯಾಕ್’ ಎಂಬ ವಾದ್ಯತಂಡವನ್ನು ಕಟ್ಟಿದರು. ಗಿಟಾರು, ಮದ್ದಳೆಗಳ ಅಬ್ಬರದೊಡನೆ ಗಡಸು ಕಂಠದಲ್ಲಿ ಹಾಡುವ ರಾಕ್ ಸಂಗೀತ ಇವರದು. 2001ರಲ್ಲಿ ಹೊರಬಂದ ‘ಹೌ ಯೂ ರಿಮೈಂಡ್ ಮಿ’ ಎಂಬ ಹಾಡು ಅಮೆರಿಕದ ಜನಪ್ರಿಯ ಗೀತಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಇವರ ಧ್ವನಿಮುದ್ರಿಕೆಗಳು ಲೋಕದಾದ್ಯಂತ 5 ಕೋಟಿಗೂ ಹೆಚ್ಚು ಮಾರಾಟವಾಗಿವೆ. ಲೆಕ್ಕವನ್ನೇ ಪ್ರಮಾಣವಾಗಿ ಹಿಡಿದರೆ ಇವರಷ್ಟು ಭಾಗ್ಯಶಾಲಿಗಳು ವಿರಳ.

ಆದರೆ ಇದೇ ತಂಡವು ಪಶ್ಚಿಮ ದೇಶಗಳಲ್ಲಿ ಅತ್ಯಂತ ತಿರಸ್ಕೃತವಾದುದೆಂಬ ಹೆಸರನ್ನೂ ಪಡೆಯಿತು. 2002ರಲ್ಲಿ ಪೋರ್ಚುಗಲ್ ದೇಶದ ಉತ್ಸವವೊಂದರಲ್ಲಿ ಇವರು ಹಾಡತೊಡಗಿದಾಗ ಸಭಿಕರು ಕಲ್ಲು ತೂರಿದರು. ಎರಡು ಹಾಡು ಮುಗಿಯುವುದಕ್ಕೆ ಮುಂಚೆಯೇ ತಂಡದವರು ವೇದಿಕೆಯಿಂದ ಇಳಿದುಹೋಗಬೇಕಾಯಿತು. 2011ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಕಾಲ್ಚೆಂಡಾಟದ ನಡುವೆ ಇವರ ಗಾಯನವನ್ನು ಏರ್ಪಡಿಸಿದಾಗ, ಇವರು ಬೇಡ, ಬೇರೆ ಯಾರನ್ನಾದರೂ ಕರೆಯಿರಿ ಎಂದು 50,000ಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದರು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬ ಗಾದೆಯನ್ನು ನಾವು ಬಲ್ಲೆವು. ಇಲ್ಲಿಯ ವಿಶೇಷವೇನೆಂದರೆ, ಕಲ್ಲು ಬಿದ್ದುದು ಎದ್ದು ನಿಂತವನ ಮೇಲೆ.

2016ರಲ್ಲಿ ನಡೆದ ಒಂದು ಪ್ರಸಂಗವು ಇನ್ನೂ ಸ್ವಾರಸ್ಯವಾಗಿದೆ. ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿರುವ ಕೆನ್ಸಿಂಗ್ಟನ್ ಎಂಬ ಊರಿನ ಪೋಲೀಸರು, ಕುಡಿದು ಗಾಡಿ ನಡೆಸಿ ಸಿಕ್ಕಿಬಿದ್ದವರಿಗೆ ದಂಡದ ಜೊತೆಗೆ, ಠಾಣೆಗೆ ಕರೆದೊಯ್ಯುವ ದಾರಿಯಲ್ಲಿ ನಿಕಲ್‌ಬ್ಯಾಕ್ ತಂಡದ ಹಾಡನ್ನೂ ಕೇಳಿಸಲಾಗುವುದೆಂದು ಪ್ರಕಟಿಸಿದರು. ಲೋಕವೆಲ್ಲ ನಕ್ಕಿತು. ಆದರೆ ಕೆಲವೇ ದಿನಗಳಲ್ಲಿ ಪೋಲೀಸರು ಆ ಪ್ರಕಟಣೆಯನ್ನು ಹಿಂದಕ್ಕೆ ತೆಗೆದುಕೊಂಡು, ತಮ್ಮದೇ ದೇಶದ ನಾಲ್ವರು ಕಲಾವಿದರನ್ನು ನೋಯಿಸಿದೆವೆಂದು ಕ್ಷಮೆ ಬೇಡಿದರು. ನಕ್ಕ ಅಸಂಖ್ಯಾತರ ನಡುವೆ, ಹಾಸ್ಯದ ಗುರಿಯಾದವರೂ ಮನುಷ್ಯರೇ ಎಂದು ನೆನೆದು ಹಿಂದೆ ಸರಿದ ಈ ಚಿಕ್ಕ ಊರಿನ ಪೋಲೀಸರು ಪ್ರಶಂಸೆಗೆ ಅರ್ಹರು.

ದ್ವೇಷದ ಕಾರಣಗಳು

ಇಷ್ಟೊಂದು ಜುಗುಪ್ಸೆಗೆ ಕಾರಣವೇನು? ಮೊದಲನೆಯದು, ಅತಿ ಪರಿಚಯ. ಪುಸ್ತಕ ಬೇಡವಾದರೆ ಮುಚ್ಚಿಡಬಹುದು, ಚಿತ್ರ ಬೇಡವಾದರೆ ಕಣ್ಣು ತಿರುಗಿಸಬಹುದು. ಕಿವಿಗೆ ಮಾತ್ರ ರೆಪ್ಪೆಗಳಿಲ್ಲ. ರೇಡಿಯೋದಲ್ಲಿ, ಅಂಗಡಿಯಲ್ಲಿ, ಪ್ರಯಾಣದಲ್ಲಿ ಒಂದೇ ಹಾಡು ವರ್ಷಾನುಗಟ್ಟಲೆ ಬೆನ್ನಟ್ಟಿ ಬಂದರೆ, ಅತಿಯಾದಲ್ಲಿ ಅಮೃತವೂ ವಿಷವಾಗುವಂತೆ, ಇಂಪಾದುದೂ ಕರ್ಣಕಠೋರವಾಗುತ್ತದೆ. ತಾನು ಆರಿಸಿಕೊಳ್ಳದ ಹಾಡನ್ನು ಕೇಳಲೇಬೇಕಾದವನ ಸಿಟ್ಟು, ಹಾಡನ್ನು ಮತ್ತೆ ಮತ್ತೆ ಹಾಕಿದ ವ್ಯಾಪಾರಿಯನ್ನು ಬಿಟ್ಟು ಹಾಡಿದವನ ಕಡೆಗೆ ತಿರುಗುತ್ತದೆ.

ಎರಡನೆಯದು, ಅಚ್ಚು ಹಾಕಿದಂತಹ ರಚನೆ. ಈ ತಂಡದ ಎರಡು ಪ್ರಸಿದ್ಧ ಗೀತಗಳನ್ನು ಒಟ್ಟಿಗೆ ನುಡಿಸಿದರೆ ಅವು ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂಬುದನ್ನು ಚತುರರು ತೋರಿಸಿಕೊಟ್ಟರು. ಇದು ನ್ಯಾಯವಾದ ಟೀಕೆಯೇ. ಅಳತೆಗೆ ತಕ್ಕಂತೆ ಹೊಲಿದ ಹಾಡು ಹೃದಯದಿಂದ ಹುಟ್ಟಿದುದಲ್ಲವೆಂಬ ಶಂಕೆ ರಸಿಕನಲ್ಲಿ ಮೂಡುವುದು ಸ್ವಾಭಾವಿಕ.

ಫಿನ್ಲೆಂಡಿನ ವಿದುಷಿ ಸಲ್ಲಿ ಅಂತೋನೆನ್ ಎಂಬವರು ಈ ವಿಷಯವನ್ನೇ ಕೈಗೆತ್ತಿಕೊಂಡು, 2000ದಿಂದ 2014ರವರೆಗೆ ತಮ್ಮ ದೇಶದ ಪತ್ರಿಕೆಗಳಲ್ಲಿ ಈ ತಂಡದ ಮೇಲೆ ಬಂದ ವಿಮರ್ಶೆಗಳನ್ನು ಪರಿಶೀಲಿಸಿ 2016ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ವಿಮರ್ಶಕರ ಆಕ್ಷೇಪವು ಇಬ್ಬಾಯ ಕತ್ತಿಯಂತಿತ್ತೆಂಬುದು ಅವರ ನಿರ್ಣಯದ ಸಾರ. ತಂಡವು ರಾಕ್ ಸಂಗೀತದ ಸಂಪ್ರದಾಯವನ್ನು ಚಾಚೂ ತಪ್ಪದೆ ಅನುಸರಿಸಿದರೆ ಅದು ಟೊಳ್ಳು ಅನುಕರಣೆ. ಅದರಿಂದ ಕೊಂಚ ಹೊರಗೆ ಕಾಲಿಟ್ಟರೆ ಅದು ಹಣದ ಆಸೆ, ಪ್ರಾಮಾಣಿಕತೆಯ ಅಭಾವ. ಹಾಗಾದರೆ ವಿಮರ್ಶಕರ ಬೇಟೆ ಹಾಡಿನ ಗುಣದೋಷಗಳಿಗಿಂತಲೂ ಹೆಚ್ಚಾಗಿ ಹಾಡಿದವನ ಅಂತಃಕರಣದ ಮೇಲೆ ನಡೆದಿತ್ತೆಂದಾಯಿತು. ಇನ್ನೊಬ್ಬನ ಅಂತಃಕರಣವನ್ನು ದೂರದಿಂದ ಅಳೆಯುವ ಕೋಲು ಯಾರ ಕೈಯಲ್ಲಿದೆ?

ಇನ್ನೊಂದು ಕಾರಣವು ನಮ್ಮ ಸ್ವಭಾವದಲ್ಲಿಯೇ ಅಡಗಿದೆ. ಒಳ್ಳೆಯ ಅಭಿರುಚಿಯುಂಟೆಂದು ತೋರಿಸಿಕೊಳ್ಳಲು ಒಳ್ಳೆಯದನ್ನು ಅರಿತು ಮೆಚ್ಚುವುದು ಕಷ್ಟದ ದಾರಿ. ಅದಕ್ಕೆ ಅಭ್ಯಾಸ ಬೇಕು, ಕಾಲ ಬೇಕು. ಎಲ್ಲರೂ ಹಳಿಯುವುದನ್ನು ತಾನೂ ಹಳಿಯುವುದು ಸುಲಭದ ದಾರಿ. ಒಂದು ಗುಂಪಿನಲ್ಲಿ ಒಬ್ಬ ಗಾಯಕನ ಹೆಸರೆತ್ತಿ ಮೂಗು ಮುರಿದರೆ ಸಾಕು, ಉಳಿದವರು ನಕ್ಕು ಜಾಗ ಕೊಡುತ್ತಾರೆ. ಆ ನಗೆಯಲ್ಲಿ ಸೇರಿದವರೆಲ್ಲರೂ ಆ ಗಾಯಕನ ಹಾಡನ್ನು ಪೂರ್ತಿಯಾಗಿ ಕೇಳಿಯೇ ಇರುತ್ತಾರೆಂದು ನಂಬಲು ಕಾರಣವಿಲ್ಲ.

ಹದಿಮೂರು ವರ್ಷದ ಹುಡುಗಿ

ಕೀರ್ತಿ, ಧನಗಳುಳ್ಳ ಪ್ರೌಢರು ಇಂತಹ ಪರಿಹಾಸವನ್ನು ಹೇಗಾದರೂ ತಡೆದುಕೊಂಡಾರು. ಅದು ಮಗುವಿನ ಮೇಲೆ ಬಿದ್ದರೆ ಏನಾಗುವುದು?

2011ರ ಫೆಬ್ರವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ರೆಬೆಕಾ ಬ್ಲ್ಯಾಕ್ ಎಂಬ ಹದಿಮೂರು ವರ್ಷದ ಹುಡುಗಿಯು ‘ಫ್ರೈಡೇ’ ಎಂಬ ಹಾಡನ್ನು ಹಾಡಿದಳು. ಅವಳ ತಾಯಿ 4,000 ಡಾಲರುಗಳನ್ನು ಒಂದು ಸಂಸ್ಥೆಗೆ ಕೊಟ್ಟು ಈ ಹಾಡಿನ ಚಲಚ್ಚಿತ್ರವನ್ನು ತಯಾರಿಸಿಸಿದ್ದಳು. ಸಾಹಿತ್ಯ ಹುಡುಗಿಯದಲ್ಲ, ಕಂಠಕ್ಕೆ ಯಂತ್ರದಿಂದ ಮಾಡಿದ ಸಂಸ್ಕಾರವೂ ಅವಳದಲ್ಲ. ವಾರದ ದಿನಗಳ ಹೆಸರುಗಳನ್ನು ಹೇಳಿಕೊಂಡು ಹೋಗುವ ಆ ಹಾಡು ಬಾಲಿಶವಾಗಿದ್ದುದೇನೋ ನಿಜ. ಮಾರ್ಚ್ ತಿಂಗಳಲ್ಲಿ ಅದು ಹಾಸ್ಯಗಾರರ ಕಣ್ಣಿಗೆ ಬಿದ್ದು, ಅಂತರ್ಜಾಲದಲ್ಲಿ ಕಾಳ್ಗಿಚ್ಚಿನಂತೆ ಹರಡಿತು. ಕೆಲವೇ ತಿಂಗಳುಗಳಲ್ಲಿ ಅದನ್ನು 16 ಕೋಟಿಗೂ ಹೆಚ್ಚು ಬಾರಿ ನೋಡಲಾಯಿತು. ಅಮೆಚ್ಚಿಕೆಯ ಗುರುತು ಒತ್ತಿದವರ ಸಂಖ್ಯೆ 30 ಲಕ್ಷವನ್ನು ಮೀರಿತು.

ಹಾಡು ಬರೆದವರನ್ನೂ ತಯಾರಿಸಿದವರನ್ನೂ ಕೇಳಿದವರು ಕಡಮೆ. ಬೈಗುಳವೆಲ್ಲ ಮುಖ ಕಾಣಿಸಿದ ಮಗುವಿನ ಪಾಲಿಗೆ ಬಂದಿತು. ಕೊಲ್ಲುವೆವೆಂಬ ಬೆದರಿಕೆಗಳು ಬಂದು ಪೋಲೀಸರು ವಿಚಾರಣೆ ನಡೆಸಬೇಕಾಯಿತು. ಸಹಪಾಠಿಗಳ ಚುಚ್ಚುಮಾತನ್ನು ತಾಳಲಾರದೆ ಅವಳು ಶಾಲೆಯನ್ನು ಬಿಟ್ಟು ಮನೆಯಲ್ಲಿಯೇ ಪಾಠ ಕಲಿಯತೊಡಗಿದಳು. ಒಂಬತ್ತು ವರ್ಷಗಳ ತರುವಾಯ, 2020ರಲ್ಲಿ, ಆ ದಿನಗಳ ನಾಚಿಕೆಯನ್ನೂ ಭಯವನ್ನೂ ಹದಿನೈದನೆಯ ವಯಸ್ಸಿನಲ್ಲಿ ತನ್ನನ್ನು ಕವಿದ ಖಿನ್ನತೆಯನ್ನೂ ಅವಳೇ ಬರೆದು ತಿಳಿಸಿದಳು. ಹೆಣ್ಣುಮಕ್ಕಳನ್ನು ಹೆತ್ತವರು ಇದನ್ನು ಓದಿ ನಿಟ್ಟುಸಿರಿಡದೆ ಇರಲಾರರು. ಸಂತೋಷದ ಸಂಗತಿಯೆಂದರೆ ರೆಬೆಕಾ ಹಾಡುವುದನ್ನು ಬಿಡಲಿಲ್ಲ. 2023ರಲ್ಲಿ ಅವಳ ಮೊದಲನೆಯ ಪೂರ್ಣ ಗೀತಸಂಪುಟವು ಹೊರಬಂದಿತು.

ಹಾಡಿನ ನೆಪ, ಜನರ ಮೇಲಿನ ಕೋಪ

ಕೆಲವು ವೇಳೆ ಹಾಡಿನ ಮೇಲಿನ ಸಿಟ್ಟು ಬೇರೊಂದು ಸಿಟ್ಟಿನ ಮುಸುಕಾಗಿರುತ್ತದೆ. 1979ರ ಜುಲೈ 12ರಂದು ಅಮೆರಿಕದ ಶಿಕಾಗೊ ನಗರದ ಬೇಸ್‌ಬಾಲ್ ಬಯಲಿನಲ್ಲಿ ಸ್ಟೀವ್ ಡಾಲ್ ಎಂಬ ರೇಡಿಯೋ ನಿರೂಪಕರು ‘ಡಿಸ್ಕೊ’ ಎಂಬ ನೃತ್ಯಸಂಗೀತದ ತಟ್ಟೆಗಳನ್ನು ಸಿಡಿಮದ್ದಿನಿಂದ ಸ್ಫೋಟಿಸುವ ಏರ್ಪಾಡು ಮಾಡಿದರು. ಒಂದು ತಟ್ಟೆಯನ್ನು ತಂದವರಿಗೆ ಕೇವಲ 98 ಸೆಂಟುಗಳಿಗೆ ಪ್ರವೇಶ. ಸುಮಾರು 50,000 ಜನರು ನೆರೆದರು. ಸ್ಫೋಟವಾದೊಡನೆ ಸಾವಿರಾರು ಮಂದಿ ಆಟದ ಬಯಲಿಗೆ ನುಗ್ಗಿ ಹಾಳುಗೆಡವಿದುದರಿಂದ ಆ ದಿನದ ಎರಡನೆಯ ಆಟ ನಡೆಯಲೇ ಇಲ್ಲ.

ಡಿಸ್ಕೊ ಸಂಗೀತವು ಹುಟ್ಟಿ ಬೆಳೆದುದು ಮುಖ್ಯವಾಗಿ ಕರಿಯ ಜನರ, ಲ್ಯಾಟಿನ್ ಅಮೆರಿಕ ಮೂಲದವರ, ಸಲಿಂಗಪ್ರೇಮಿಗಳ ನರ್ತನಶಾಲೆಗಳಲ್ಲಿ. ಆ ದಿನ ಬಾಗಿಲಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕರಿಯ ತರುಣರು, ಜನರು ತಂದ ತಟ್ಟೆಗಳಲ್ಲಿ ಎಷ್ಟೋ ಡಿಸ್ಕೊ ಆಗಿರದೆ, ಬರಿದೆ ಕರಿಯ ಗಾಯಕರವು ಆಗಿದ್ದುವೆಂದು ಮುಂದೆ ನೆನೆದರು. ಶಿಕಾಗೊ ನಗರದಲ್ಲಿಯೇ 1980ರ ದಶಕದಲ್ಲಿ ಡಿಸ್ಕೊದ ಬೂದಿಯಿಂದ ‘ಹೌಸ್’ ಎಂಬ ಹೊಸ ಸಂಗೀತ ಹುಟ್ಟಿತು. ಅದನ್ನು ಬೆಳೆಸಿದವರಲ್ಲಿ ಆ ವಿನ್ಸ್ ಲಾರೆನ್ಸರೂ ಒಬ್ಬರು.

ನಮ್ಮ ದೇಶವೂ ಇಂತಹ ತಿರಸ್ಕಾರದಿಂದ ದೂರವಾಗಿರಲಿಲ್ಲ. 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಗಳಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದಲ್ಲಿ ನಿಷ್ಠೆಯುಳ್ಳವರು. ಚಿತ್ರಗೀತಗಳಿಂದ ಜನರ ಅಭಿರುಚಿ ಕೆಡುತ್ತದೆಂದು ಬಗೆದವರು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತಗಳು ಮರೆಯಾದುವು. ಫಲವೇನಾಯಿತು? ಶ್ರೋತೃಗಳು ರೇಡಿಯೋ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅಲ್ಲಿಂದ ಬರುತ್ತಿದ್ದ ‘ಬಿನಾಕಾ ಗೀತಮಾಲಾ’ ದೇಶದ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ಚಿತ್ರಗೀತಗಳಿಗೆ ಎಡೆಕೊಡುವ ವಿವಿಧ ಭಾರತಿಯನ್ನು ಆರಂಭಿಸಿತು. ಅಂದು ಕೀಳೆನಿಸಿಕೊಂಡ ಆ ಹಾಡುಗಳನ್ನೇ ಇಂದು ಹಿರಿಯರು, ಹಾಡೆಂದರೆ ಇವು, ಎಂದು ಮೊಮ್ಮಕ್ಕಳಿಗೆ ಹೊಗಳಿ ಹೇಳುತ್ತಾರೆ. ಶಾಸ್ತ್ರೀಯ ಸಂಗೀತವೂ ಇದರಿಂದ ಕೆಡಲಿಲ್ಲ. ತನ್ನ ಸ್ಥಾನದಲ್ಲಿ ತಾನಿದೆ.

ಗೃಹಸ್ಥರು ತಿಳಿಯತಕ್ಕುದು

ಇಷ್ಟರಿಂದ, ಎಲ್ಲ ಹಾಡುಗಳೂ ಸಮಾನವೆಂದೂ ಯಾವುದನ್ನೂ ಟೀಕಿಸಬಾರದೆಂದೂ ಯಾರೂ ತಿಳಿಯಬೇಕಾಗಿಲ್ಲ. ವಿವೇಚನೆಯಿಲ್ಲದೆ ಅಭಿರುಚಿ ಬೆಳೆಯಲಾರದು. ಶ್ರುತಿ ತಪ್ಪಿದರೆ ತಪ್ಪಿತೆಂದೂ, ಸಾಹಿತ್ಯ ಹುರುಳಿಲ್ಲದ್ದಾದರೆ ಹುರುಳಿಲ್ಲವೆಂದೂ ಮಕ್ಕಳಿಗೆ ಹೇಳಿಕೊಡುವುದು ಹಿರಿಯರ ಕರ್ತವ್ಯ. ಆದರೆ ಆ ಮಾತು ಹಾಡಿನ ಎಲ್ಲೆಯನ್ನು ದಾಟಿ ಹಾಡಿದವರ ರೂಪ, ಕುಲ, ದೇಶ, ನಡೆನುಡಿಗಳ ಕಡೆಗೆ ಹೊರಳಿದಾಗ ಅದು ವಿಮರ್ಶೆಯಾಗಿ ಉಳಿಯುವುದಿಲ್ಲ. ಮಕ್ಕಳು ಯಾವನಾದರೂ ಹಾಡುಗಾರನನ್ನು ಹಳಿದರೆ, ನೀನು ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದೀಯಾ, ಅದರಲ್ಲಿ ಯಾವುದು ಹಿಡಿಸಲಿಲ್ಲ, ಏಕೆ ಹಿಡಿಸಲಿಲ್ಲ ಎಂದು ಸಾವಧಾನವಾಗಿ ಕೇಳಬೇಕು. ಉತ್ತರವಿದ್ದರೆ ಆ ಮಗು ರಸಿಕನಾಗುತ್ತಿದೆ. ಉತ್ತರವಿಲ್ಲದಿದ್ದರೆ ಬೇರೆಯವರ ಬಾಯಿಯ ಮಾತನ್ನು ಹೊತ್ತು ತಂದಿದೆಯೆಂದು ತಿಳಿಯಬಹುದು.

ಹಿರಿಯರೂ ತಮ್ಮನ್ನು ಇದೇ ಪ್ರಶ್ನೆಗೆ ಒಳಪಡಿಸಿಕೊಳ್ಳುವುದು ಲೇಸು. ಮಗ ಕೇಳುವ ಹಾಡು ತಂದೆಗೆ ಗದ್ದಲವಾಗಿ ತೋರಬಹುದು, ತಂದೆ ಕೇಳುವ ಹಾಡು ಮಗನಿಗೆ ಜಡವಾಗಿ ತೋರಬಹುದು. ವಾರಕ್ಕೊಮ್ಮೆಯಾದರೂ ಮನೆಯವರೆಲ್ಲರೂ ಕುಳಿತು, ಒಬ್ಬೊಬ್ಬರು ಮೆಚ್ಚಿದ ಒಂದೊಂದು ಹಾಡನ್ನು ಉಳಿದವರು ಮರುಮಾತಾಡದೆ ಕೇಳುವ ಪದ್ಧತಿಯನ್ನಿಟ್ಟುಕೊಂಡರೆ, ಕೇಳಿದ ಮೇಲೆಯೂ ಹಿಡಿಸದ ಹಾಡು ಹಿಡಿಸದಿರಬಹುದು. ಅದನ್ನು ಮೆಚ್ಚುವವರು ಮೂಢರೆಂಬ ಭಾವನೆ ಮಾತ್ರ ನಿಲ್ಲಲಾರದು.