ಮೃತ್ಯು ಹೊಗದ ಊರು

ದೈವದ ಕಾವಲಿರುವ ನಗರಗಳ ಕಥೆಗಳು ಅನೇಕ ಮತಗಳಲ್ಲುಂಟು. ಅವುಗಳೊಳಗೆ ಯೆಹೂದ್ಯರ ಲೂಜ್ ಪಟ್ಟಣದ ಕಥೆಯನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ. ಬೇತೇಲ್ ನಗರವನ್ನು ಹಿಡಿಯಬಂದ ಇಸ್ರಾಯೇಲ್ಯರಿಗೆ ಒಳದಾರಿಯನ್ನು ತೋರಿಸಿ ಜೀವವುಳಿಸಿಕೊಂಡವನೊಬ್ಬನು ಹಿತ್ತಿಯರ ನಾಡಿನಲ್ಲಿ ಈ ಊರನ್ನು ಕಟ್ಟಿದನೆಂದು ಬೈಬಲಿನ ನ್ಯಾಯಸ್ಥಾಪಕರ ಗ್ರಂಥವು ಹೇಳುತ್ತದೆ. ಬೈಬಲಿನ ಮಾತು ಅಲ್ಲಿಗೇ ನಿಂತಿತು. ಅದನ್ನು ಬೆಳೆಸಿದವರು ತಾಲ್ಮೂದ್ ಗ್ರಂಥದ ಪಂಡಿತರು. ಉಡುಪಿನಂಚಿನ ಪವಿತ್ರವಾದ ನೀಲಿ ನೂಲಿಗೆ ಬಣ್ಣ ಕಟ್ಟುತ್ತಿದ್ದುದು ಇಲ್ಲಿಯೇ ಅಂತೆ. ಅಸ್ಸೀರಿಯದ ಸನ್ಹೇರೀಬನು ಬಂದರೂ ಈ ಊರನ್ನು ಕದಲಿಸಲಿಲ್ಲ. ಬಾಬಿಲೋನಿನ ನೆಬೂಕದ್ನೆಚ್ಚರನು ಕೆಡವಲಿಲ್ಲ. ಮೃತ್ಯುದೂತನಿಗೂ ಒಳಕ್ಕೆ ಕಾಲಿಡಲು ಅಪ್ಪಣೆಯಿಲ್ಲ. ಇದೇ ನೆಬೂಕದ್ನೆಚ್ಚರನ ಸೈನ್ಯವು ಕ್ರಿ. ಪೂ. 586ರ ಸುಮಾರಿನಲ್ಲಿ ಜೆರೂಸಲೇಮನ್ನೂ ಅದರ ದೇವಾಲಯವನ್ನೂ ಸುಟ್ಟಿತು. ದೇವರು ಕಾಯುವನೆಂದು ನಂಬಿದ್ದ ರಾಜಧಾನಿಯನ್ನು ಕಳೆದುಕೊಂಡ ಜನರೇ ಅಳಿಯದ ಊರೊಂದರ ಕಥೆಯನ್ನು ಉಳಿಸಿಕೊಂಡರೆಂಬುದನ್ನು ನಾವು ಮರೆಯಬಾರದು.

ಲೂಜ್ ಎಂದರೆ ಬಾದಾಮಿ. ಊರಿನ ಮುಂದಿದ್ದ ಟೊಳ್ಳಾದ ಬಾದಾಮಿಯ ಮರದೊಳಗಿಂದ ಗುಹೆಗೂ, ಗುಹೆಯಿಂದ ಊರಿಗೂ ದಾರಿಯೆಂದು ಇನ್ನೊಂದು ಗ್ರಂಥವು ವರ್ಣಿಸುತ್ತದೆ.

ಹಾಗಾದರೆ ಅಲ್ಲಿಯ ವೃದ್ಧರ ಗತಿಯೇನು? ಬಾಳು ಸಾಕೆನಿಸಿದಾಗ ಅವರು ಕೋಟೆಯ ಹೊರಗೆ ಹೋಗಿ ಪ್ರಾಣ ಬಿಡುವರಂತೆ. ಕಥೆಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆಯೆಂದು ನಮಗೆ ತೋರುತ್ತದೆ. ಚಿರಾಯುವನ್ನು ಪಡೆದವರೇ ಅದನ್ನು ಬೇಡವೆಂದರು. ನಮ್ಮ ಕಾಶಿಯದು ಇದಕ್ಕೆ ವಿಪರೀತವಾದ ನಡೆ. ಶಿವನ ತ್ರಿಶೂಲದ ಮೇಲೆ ನಿಂತು ಪ್ರಳಯವನ್ನೂ ದಾಟುವುದೆಂಬ ಆ ಕ್ಷೇತ್ರಕ್ಕೆ ವೃದ್ಧರು ಸಾಯುವುದಕ್ಕೆಂದೇ ಹೋಗುವರು. ಯಮನಿಗೆ ಅಲ್ಲಿಯೂ ಅಧಿಕಾರವಿಲ್ಲ. ಸಾಯುವವನ ಕಿವಿಯಲ್ಲಿ ಶಿವನೇ ತಾರಕಮಂತ್ರವನ್ನು ಉಪದೇಶಿಸುವನು.