ಡಬ್ಬಿ ಮೇಲಿನ ವ್ಯಾಟ್ ನಂಬಬೇಡ್ರಿ!

ಬಾಗಲಕೋಟೆಯಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಬೆಳಕು ಬೀಳದ ಅಡುಗೆಮನೆಯಲ್ಲಿ ಕೊತ್ತಂಬರಿ, ಮೆಂತ್ಯ ಬೆಳೆಯೋಣ ಅಂತ ಎಲ್‌ಇಡಿ ಗ್ರೋ ಲೈಟ್ ತರುವಿರಾ? ಡಬ್ಬಿ ಮೇಲಿನ ‘1000 ವ್ಯಾಟ್’ ಬಹಳ ಸಲ ಹಳೆ ದೀಪಕ್ಕೆ ಹೋಲಿಸಿದ ಅಂಕಿ. ನಿಜವಾಗಿ ಎಳೆಯುವುದು 100 ವ್ಯಾಟ್ ಇದ್ದೀತು. ಬೆಳಕೂ ಅಷ್ಟಕ್ಕೆ ತಕ್ಕಷ್ಟೇ. ಸಣ್ಣಕ್ಷರದ ‘ಇನ್‌ಪುಟ್ ಪವರ್’ ಓದಿ.

100 ವ್ಯಾಟ್ ದೀಪ ದಿನಾ 12 ತಾಸು ಉರಿದರೆ ತಿಂಗಳಿಗೆ 36 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿ ಮೀರಿದರೆ ಹೆಚ್ಚಿನದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಖಾತ್ರಿ ಬೇಕೇ? ಬೇರೆಲ್ಲ ಆರಿಸಿ, ಅದೊಂದನ್ನೇ ಹಚ್ಚಿ. ಯೂನಿಟ್ಟಿಗೆ 3200 ಸಲ ಮಿನುಗುವ ಮೀಟರಾದರೆ, 3 ನಿಮಿಷಕ್ಕೆ 16 ಮಿನುಗು ಅಂದರೆ 100 ವ್ಯಾಟ್. ಕಿಟಕಿಯಲ್ಲಿ ಜಾಗವಿದ್ದರೆ ಕುಂಡ ಅಲ್ಲೇ ಇಡ್ರಿ, ದೀಪವೇ ಬೇಡ.